ಮೊಳೆತ ಬೀಜ ಕಾಯುವುದಿಲ್ಲ

ಭಟ್ಕಳ ಬಂದರಿನಲ್ಲಿ ನಾನು ಕೆಲಸ ಮಾಡುವ ಐಸ್ ಪ್ಲಾಂಟಿನ ಹಿಂದೆ ಮೊನ್ನೆ ಯಾರೋ ಪುಣ್ಯಾತ್ಮರು ಒಂದು ಟೆಂಪೋ ಕೆಟ್ಟ ಸಿಗಡಿ ಸುರಿದು ಹೋದರು. ಬಂದರಿನಲ್ಲಿ ಪಳಗಿದ ಮೂಗು ನನ್ನದು. ಒಣಮೀನು, ಡೀಸೆಲ್, ಅಮೋನಿಯಾ ಯಾವುದಕ್ಕೂ ಜಗ್ಗುವುದಿಲ್ಲ. ಆದರೆ ಬಿಸಿಲಿಗೆ ಬೆಂದ ಕೆಸರಿನ ಜೊತೆ ಸೇರಿದ ಸಿಗಡಿಯ ಆ ನಾತ ಬಂದದ್ದೇ ತಡ, ಗೋಡೆ ಹಿಡಿದು ಕಾರಿಕೊಂಡೆ. ಜೊತೆಯ ಹೆಂಗಸರು "ಎಂತ ಸುಮಕ್ಕ, ಹೊಸ ಬಸುರಿ ಹಂಗೆ ಮಾಡ್ತ್ಯಲ್ಲ?" ಎಂದು ನಕ್ಕರು. ನಗಲಿ. ಆ ವರ್ಷ ಅವರು ಯಾರೂ ನಮ್ಮ ಗಜನಿಯ ದಡದಲ್ಲಿ ನಿಂತಿರಲಿಲ್ಲ.

ನನ್ನ ತವರು ಕುಮಟೆಯಿಂದ ಬಾಡಕ್ಕೆ ಹೋಗುವ ರಸ್ತೆ ಬಿಟ್ಟು ಅಘನಾಶಿನಿಯ ಕಡೆ ಇಳಿದರೆ ಸಿಗುತ್ತದೆ. ಹೊಳೆ ಸಮುದ್ರ ಸೇರುವ ಮೊದಲು ಅಗಲವಾಗಿ ಕಾಲು ಚಾಚಿಕೊಂಡ ಜಾಗ ಅದು. ಆ ದಡದ ತಗ್ಗು ಗದ್ದೆಗಳಿಗೆ ಗಜನಿ ಎನ್ನುತ್ತಾರೆ. ಉಬ್ಬರದ ಉಪ್ಪುನೀರು ನುಗ್ಗದಂತೆ ಸುತ್ತ ಮಣ್ಣಿನ ಒಡ್ಡು, ಒಡ್ಡಿನ ಬಾಯಿಗೆ ಹಲಗೆ ಇಳಿಬಿಟ್ಟ ಬಾಗಿಲು. ಆ ಬಾಗಿಲಿಗೆ ನಮ್ಮಲ್ಲಿ ಜಂತ್ರಡಿ ಎಂದು ಹೆಸರು. ಮಳೆಗಾಲದಲ್ಲಿ ಗಜನಿಯಲ್ಲಿ ಕಗ್ಗ ಬೆಳೆಯುತ್ತಿದ್ದರು. ಉಪ್ಪಿಗೂ ಸಾಯದ, ನೆರೆಗೂ ಸಾಯದ ಒರಟು ಭತ್ತ. ಕೊಯ್ಲಿಗೆ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುವುದು, ಅದು ಮೀನಿನ ಪಾಲು. ಆಮೇಲೆ ಬೇಸಿಗೆಯ ತನಕ ಉಪ್ಪುನೀರು ಒಳಬಿಟ್ಟು ಮೀನು, ಸಿಗಡಿ ಸಾಕುವುದು. ಹೀಗೆ ಒಂದೇ ನೆಲ ಮಳೆಗಾಲದಲ್ಲಿ ಭತ್ತದವರದು, ಬೇಸಿಗೆಯಲ್ಲಿ ಮೀನಿನ ಗುತ್ತಿಗೆ ಹಿಡಿದವನದು.

ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ನೆಲ ಹೋಗುವುದಕ್ಕೆ ಕಾಗದಪತ್ರವೇನೂ ಇರಲಿಲ್ಲ. "ದೇವಿ ಅತ್ತೆ ಬೀಜ ನೆನೆಹಾಕಿದ್ಲಂತೆ" ಎಂಬ ಮಾತು ಊರಲ್ಲಿ ಹರಡಿದರೆ ಸಾಕಿತ್ತು. ಕಗ್ಗದ ಬೀಜವನ್ನು ನೀರಲ್ಲಿ ನೆನೆಸಿ, ಬಸಿದು, ಬುಟ್ಟಿಗೆ ತುಂಬಿ, ಮೇಲೆ ಹುಲ್ಲು ಮುಚ್ಚಿ ಕಲ್ಲು ಹೇರಿ ಮೊಳಕೆ ಬರಿಸಬೇಕು. ಮೊಳೆತ ಬೀಜ ಕಾಯುವುದಿಲ್ಲ. ಕೂಡಲೇ ಗದ್ದೆಗೆ ಎರಚದಿದ್ದರೆ ಬುಟ್ಟಿಯಲ್ಲೇ ಬಿಸಿಯಾಗಿ ಕೊಳೆಯುತ್ತದೆ. ಹಾಗಾಗಿ ಬೀಜ ನೆಂದ ದಿನವೇ ಗುತ್ತಿಗೆಯವನು ಬಲೆ ಬಿಚ್ಚಿ, ಇಳಿತದ ಹೊತ್ತಿಗೆ ಹಲಗೆ ಎತ್ತಿ, ಉಪ್ಪುನೀರು ಹೊರಹಾಕಬೇಕು. ಅತ್ತೆಯ ಕಡೆಯಿಂದಲೂ ಒಂದು ಕಟ್ಟುಪಾಡಿತ್ತು. ನಾಲ್ಕು ಒಳ್ಳೆ ಮಳೆ ಬಿದ್ದು ಮೇಲ್ಮಣ್ಣಿನ ಉಪ್ಪು ತೊಳೆಯುವ ಸೂಚನೆ ಕಾಣದೆ ಅವಳು ಬೀಜ ಮುಟ್ಟುತ್ತಿರಲಿಲ್ಲ. ಮುಟ್ಟಿದರೂ ಹುಲ್ಲಿನಲ್ಲಿ ಬಿಗಿದು ಕಟ್ಟಿದ ಬೀಜದ ಒಂದು ಮುಡೆ ಅಟ್ಟದಲ್ಲೇ ಬಿಡುತ್ತಿದ್ದಳು. ಮೊದಲ ಬಿತ್ತನೆ ಹಾಳಾದರೆ ಎರಡನೆಯದಕ್ಕೆ ಬೇಕಲ್ಲ.

ದೇವಿ ಅತ್ತೆ ನಮ್ಮಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ಅಮ್ಮ ಸತ್ತ ಮೇಲೆ ನನ್ನನ್ನೂ ತಮ್ಮ ಮಂಜುವನ್ನೂ ಸಾಕಿದಳು. ಒಬ್ಬೊಬ್ಬರಾಗಿ ಊರವರು ಬೀಜ ಇಟ್ಟುಕೊಳ್ಳುವ ತಾಪತ್ರಯ ಬಿಟ್ಟಂತೆ ಕಡೆಗೆ ಊರಿಗೆಲ್ಲ ಕಗ್ಗದ ಬೀಜ ಉಳಿದದ್ದು ಅವಳ ಅಟ್ಟದಲ್ಲಿ ಮಾತ್ರ. ಅದರಿಂದ ಅವಳಿಗೆ ಒಂದು ಗತ್ತೂ ಬಂದಿತ್ತು. ಬೀಜ ಕೇಳಲು ಬಂದವರನ್ನು ಮೊದಲು ಚೆನ್ನಾಗಿ ಬೈದು ಆಮೇಲೆ ಕೊಡುತ್ತಿದ್ದಳು. ಅತ್ತೆಯನ್ನು ಭೂಮಿತಾಯಿ ಎಂದು ಯಾರಾದರೂ ಬರೆದರೆ ನಾನು ನಗುತ್ತೇನೆ. ಅವಳಿಗೆ ಗಜನಿಯ ಮೇಲೆ ಜೀವ ಇತ್ತು ನಿಜ, ಆದರೆ ಗಜನಿಯಲ್ಲಿ ತನ್ನ ಮಾತೇ ನಡೆಯಬೇಕು ಎನ್ನುವುದರ ಮೇಲೂ ಅಷ್ಟೇ ಜೀವ ಇತ್ತು.

ಮಂಜುವೂ ಅವಳ ಕೈಯಲ್ಲೇ ಬೆಳೆದವನು, ಹಟದಲ್ಲಿ ಕಡಿಮೆಯಾಗುವುದು ಹೇಗೆ? ಹೊನ್ನಾವರದಿಂದ ಬೋಟಿಗೆ ಹೋಗುತ್ತಿದ್ದ. ಬೋಟು ನಡೆಸುವ ತಾಂಡೇಲನ ಬೈಗುಳ ತಿಂದು ತಿಂದು ಬೇಸತ್ತು, "ಇನ್ನು ಯಾರ ಕೈಕೆಳಗೂ ಇಲ್ಲ ಅಕ್ಕ" ಎಂದು ಬೋಟು ಬಿಟ್ಟು ಬಂದ. ಕೊರೋನಾ ಕಳೆದ ಮರುವರ್ಷ ಗಜನಿಯ ಗುತ್ತಿಗೆ ಅವನಿಗೇ ಸಿಕ್ಕಿತು. ಹೊಳೆಯಿಂದ ತಾನಾಗಿ ಬರುವ ಮೀನಿಗೆ ಕಾಯದೆ ಹ್ಯಾಚರಿಯಿಂದ ಸಿಗಡಿ ಮರಿ ತಂದು ಬಿಟ್ಟ. ಮೂವತ್ತು ದಾಟಿದ ಗಂಡಸು ಮೊದಲ ಸಲ ತನ್ನದು ಎಂದು ಒಂದನ್ನು ತೋರಿಸಿದಾಗ ನನಗೂ ಖುಷಿಯಾಗಿತ್ತು.

ಆ ಬೇಸಿಗೆ ನಮ್ಮ ಪ್ಲಾಂಟಿನ ಕಂಪ್ರೆಸರ್ ಕೆಟ್ಟು, ಜೂನಿನ ಮೀನುಗಾರಿಕೆ ನಿಷೇಧಕ್ಕೆ ಮೊದಲೇ ರಜೆ ಸಿಕ್ಕಿತು. ಮೇ ನಡುವಿನಲ್ಲಿ ಊರಿಗೆ ಬಂದೆ. ಬಸ್ಸಿಳಿದು ಒಡ್ಡಿನ ಹಾದಿ ಹಿಡಿಯುವಾಗಲೇ ಮರ ಕೊಯ್ಯುವ ಮಿಷನ್ನಿನ ಸದ್ದು. ಒಡ್ಡಿನ ಹೊರಮೈಗೆ ಹೊಳೆಯ ಅಂಚಿನುದ್ದಕ್ಕೂ ಬೆಳೆದಿದ್ದ ಕಾಂಡ್ಲ ಗಿಡಗಳನ್ನು ಮಂಜುವಿನ ಜನ ಉರುಳಿಸುತ್ತಿದ್ದರು. ಉಬ್ಬರದ ಪೆಟ್ಟನ್ನು ಒಡ್ಡಿಗಿಂತ ಮೊದಲು ತಿನ್ನುತ್ತಿದ್ದದ್ದು ಆ ಗಿಡಗಳ ಬೇರು. ಕೊಯ್ದ ಬುಡಗಳು ಕೆಸರಲ್ಲಿ ಕೆಂಪಗೆ ಎದ್ದು ನಿಂತಿದ್ದವು. ಬೇರಿನ ಸಂದಿಯಿಂದ ಹೊರಬಿದ್ದ ಏಡಿಗಳು ಬೂಟಿನಡಿ ಚಟಚಟ ಒಡೆಯುತ್ತಿದ್ದವು.

ಪಕ್ಕದ ಗದ್ದೆಯ ಈಶ್ವರಣ್ಣ ಒಡ್ಡಿನ ಮೇಲೆ ನಿಂತು ಕೂಗುತ್ತಿದ್ದ. "ಮಂಜು, ಆ ಬೇರು ಇದ್ದದ್ದಕ್ಕೇ ಒಡ್ಡು ನಿಂತದೆ. ಕಡೀಬೇಡ ಮಾರಾಯ."

"ಹಕ್ಕಿಯೆಲ್ಲಾ ಅದ್ರ ಮೇಲೇ ಕೂತ್ಕಂಡು ನನ್ನ ಶೆಟ್ಲಿ ತಿಂತವೆ. ಅದ್ಕೆ ಲೆಕ್ಕ ನೀ ಕೊಡ್ತ್ಯಾ?" ಎಂದ ಮಂಜು. ಶೆಟ್ಲಿ ಎಂದರೆ ಸಿಗಡಿ. "ಗುತ್ತಿಗೆ ಮುಗಿಯೂ ತನಕ ಇದು ನಂದು."

"ಒಡ್ಡಿಂದ ಆಚೆಗೆ ಹೊಳೆ. ಹೊಳೆನೂ ನಿಂದಾ?"

ಮಂಜು ಮಿಷನ್ನಿನವನಿಗೆ ಮುಂದಿನ ಗಿಡ ತೋರಿಸಿದ.

ಹಕ್ಕಿಗಳಿಗೆ ಪಟಾಕಿ ಹೊಡೆದ, ಏಡಿಗಳಿಗೆ ವಿಷದ ಪುಡಿ ಹಾಕಿದ. ಆಮೇಲೆ ನೀರುನಾಯಿಗಳು ಬಂದವು. ಅವು ಹೊಳೆಯಲ್ಲಿ ಯಾವಾಗಲೂ ಇದ್ದವೇ. ಮೀನು ತಿಂದು, ಒಡ್ಡಿನ ಮೇಲೆ ಮೈ ಒಣಗಿಸಿ, ಮಕ್ಕಳ ಹಾಗೆ ಹೊರಳಾಡಿ ಹೋಗುತ್ತಿದ್ದವು. ಮೊದಲಿನ ಗುತ್ತಿಗೆಯವರು ಬೈದುಕೊಂಡು ಸುಮ್ಮನಾಗುತ್ತಿದ್ದರು. ಒಂದು ಬೆಳಗ್ಗೆ ಜಂತ್ರಡಿಯ ಬಾಯಿಗೆ ಕಟ್ಟಿದ ಬಲೆಯಲ್ಲಿ ಒಂದು ಸಿಕ್ಕಿಬಿತ್ತು. ಮರಿ ಹಾಕಿದ ತಾಯಿ. ಒಡ್ಡಿನಾಚೆ ಕೆಸರಲ್ಲಿ ಅದರ ಮರಿಗಳು ಸಿಳ್ಳೆ ಹೊಡೆದಂತೆ ಕೂಗುತ್ತಿದ್ದವು. ನಾನು ಬುತ್ತಿ ತೆಗೆದುಕೊಂಡು ಅಲ್ಲಿಗೆ ಹೋದಾಗ ಮಂಜು ಹಾರೆ ಎತ್ತಿದ್ದ. ಮೊದಲ ಪೆಟ್ಟು ಬೆನ್ನಿಗೆ ಬಿತ್ತು, ಸಾಯಲಿಲ್ಲ. ಹಲ್ಲು ಕಿರಿದು ಹಾರೆಯ ತುದಿಯನ್ನೇ ಕಚ್ಚಿ ಹಿಡಿಯಿತು. ಹಾರೆ ಜಗ್ಗಿಕೊಂಡು ಮತ್ತೆ ಹೊಡೆದ, ಮತ್ತೆ ಹೊಡೆದ. ಸತ್ತ ಮೇಲೂ ಹೊಡೆದ. "ಸಾಕು ಮಂಜು" ಎಂದು ನಾನು ಕಿರುಚಿದ್ದು ಅವನಿಗೆ ಕೇಳಲೇ ಇಲ್ಲ. ಆ ಹೊತ್ತಿನಲ್ಲಿ ಅವನ ಮುಖ ನೋಡಿ ನನಗೆ ಭಯವಾಯಿತು. ಅಷ್ಟು ವರ್ಷದ ತಾಂಡೇಲನ ಬೈಗುಳವೆಲ್ಲ ಆ ಹಾರೆಯಲ್ಲಿ ಇಳಿಯುತ್ತಿತ್ತೋ ಏನೋ. ಕಡೆಗೆ ಅದನ್ನು ಒಂದು ಗೂಟಕ್ಕೆ ತಲೆಕೆಳಗಾಗಿ ಕಟ್ಟಿ ನಿಲ್ಲಿಸಿದ, ಉಳಿದವು ನೋಡಿ ಹೆದರಲಿ ಎಂದು.

ಸುದ್ದಿ ಕೇಳಿ ಅತ್ತೆ ಬಂದಳು. ಗೂಟದ ಎದುರು ನಿಂತು ನೋಡಿದಳು.

"ಅದೂ ಹೊಟ್ಟೆಪಾಡಿಗೆ ಬಂದಿತ್ತು ಮಂಜು."

"ನಾನೂ ಹೊಟ್ಟೆಪಾಡಿಗೇ ಹೊಡೆದದ್ದು ಅತ್ತೆ. ಮನೆಗೆ ಹೋಗು ನೀನು. ಗಜನಿ ಸುದ್ದಿಗೆ ಬರ್ಬೇಡ."

ಅತ್ತೆಗೆ ಗಜನಿಯ ಸುದ್ದಿಗೆ ಬರಬೇಡ ಎಂದು ಹೇಳಿದ ಗಂಡಸು ಅಲ್ಲಿಯವರೆಗೆ ಊರಲ್ಲಿ ಹುಟ್ಟಿರಲಿಲ್ಲ. ಅವಳು ತಿರುಗಿ ನೇರ ಮನೆಗೆ ಹೋದಳು. ಅಟ್ಟ ಹತ್ತಿ ಮುಡೆಗಳನ್ನು ಒಂದೊಂದಾಗಿ ಅಂಗಳಕ್ಕೆ ಉರುಳಿಸಿದಳು. ಅಷ್ಟರವರೆಗೆ ಬಿದ್ದದ್ದು ಒಂದೇ ಮಳೆ, ಅದೂ ಧೂಳು ಅಡಗಿಸುವಷ್ಟು.

"ಅತ್ತೆ, ಮಳೆಯೇ ಬಂದಿಲ್ಲ. ಈಗ ನೆನೆಹಾಕ್ತ್ಯಾ?" ಎಂದೆ.

"ಬೀಜ ಯಾರ್ದು? ನಿಂದಾ?"

"ಒಂದು ಮುಡೆಯಾದ್ರೂ ಮೇಲೆ ಇರ್ಲಿ."

"ಎಂತಕ್ಕೆ ಇರ್ಬೇಕು? ಎಲ್ಲಾ ನೆನೀಲಿ. ಅವ ಹೆಂಗೆ ಬಾಗ್ಲು ಎತ್ತೂದಿಲ್ಲ ನೋಡ್ತೆ ನಾನು."

ಬೀಜ ನೆಂದ ಸುದ್ದಿ ಸಂಜೆಯೊಳಗೆ ಊರೆಲ್ಲ ಹರಡಿತು. ಈಶ್ವರಣ್ಣನಂಥವರು ಗುದ್ದಲಿ ಹೊರತೆಗೆದರು. ಅತ್ತೆ ಎಣಿಸಿದ್ದು ಅದನ್ನೇ. ನೀರಿನ ಹಕ್ಕನ್ನು ಮಂಜುವಿನ ಕೈಯಿಂದ ಕಿತ್ತುಕೊಳ್ಳಲು ಅವಳಲ್ಲಿ ಇದ್ದದ್ದು ಅದೊಂದೇ ಆಯುಧ, ಅದನ್ನು ಪೂರ್ತಿ ಬೀಸಿದ್ದಳು. ಆದರೆ ಮಂಜು ಬಲೆ ಬಿಚ್ಚಲಿಲ್ಲ. "ಶೆಟ್ಲಿ ಇನ್ನೂ ಬೆರಳುದ್ದ ಆಗ್ಲಿಲ್ಲ ಅಕ್ಕ. ಅಮಾಸೆ ಕಳೀಲಿ, ನಾನೇ ಬಾಗ್ಲು ಎತ್ತಿ ಕೊಡ್ತೆ. ಪದ್ಧತಿ ಮುರಿದದ್ದು ಅವ್ಳು, ನಾನಲ್ಲ" ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವನ ಸಿಗಡಿಗೆ ಅಮಾವಾಸ್ಯೆಯ ತನಕ ಬೇಕು, ಅತ್ತೆಯ ಬುಟ್ಟಿಗೆ ಅಷ್ಟು ದಿನ ಇಲ್ಲ. ನಾನು ಮನೆಗೂ ಜಂತ್ರಡಿಗೂ ನಡುವೆ ಓಡಾಡಿ ಕಾಲು ಸವೆಸಿದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. "ಬೀಜ ಸತ್ರೆ ಅವ್ನ ಹಣೆಗೆ" ಎಂದಳು ಅತ್ತೆ. "ಬೀಜ ಸತ್ರೆ ಅವ್ಳ ಹಣೆಗೆ" ಎಂದ ಮಂಜು. ಬೀಜ ಸಾಯಬಾರದು ಎನ್ನುವುದನ್ನು ಇಬ್ಬರೂ ಮರೆತಿದ್ದರು.

ಕಡೆಗೆ ಒಂದು ಬೆಳಗ್ಗೆ ಬುಟ್ಟಿಯ ಹುಲ್ಲು ಸರಿಸಿ ನೋಡಿದರೆ ಬಿಳಿ ಮೊಳಕೆ ಒಂದಕ್ಕೊಂದು ಹೆಣೆದುಕೊಂಡಿತ್ತು. ಅದೇ ದಿನ ಆಕಾಶವೂ ಹರಿಯಿತು. ಕಡಲಿನ ಮೇಲಿಂದ ಗಾಳಿ, ಗಾಳಿಯ ಬೆನ್ನಿಗೇ ಮಳೆ. ಮೇಲೆ ಕತಗಾಲದ ಕಡೆ ಇನ್ನೂ ಜೋರಿರಬೇಕು, ಹೊಳೆ ಕೆಂಪಗೆ ತಿರುಗಿ ಉಬ್ಬತೊಡಗಿತು. ಈಗ ಹಲಗೆ ಎತ್ತಿದ್ದರೆ ಇಳಿತದ ಹೊತ್ತಿಗೆ ಉಪ್ಪುನೀರು ಹೋಗಿ, ಬಿದ್ದ ಮಳೆ ಗದ್ದೆ ತೊಳೆದು, ಬಿತ್ತನೆ ಆಗಿಬಿಡುತ್ತಿತ್ತು. ಅತ್ತೆಯ ಅದೃಷ್ಟವೇ ಸರಿ ಎಂದುಕೊಂಡೆ ನಾನು.

ಈಶ್ವರಣ್ಣ ಮತ್ತು ಗದ್ದೆಯವರು ಹಾರೆ, ಗುದ್ದಲಿ ಹಿಡಿದು ಜಂತ್ರಡಿಗೆ ಹೋದರು. ಮಂಜು ಬಾಗಿಲ ತೊಲೆಯ ಮೇಲೆ ಕತ್ತಿ ಹಿಡಿದು ಕೂತಿದ್ದ, ಹಿಂದೆ ಅವನ ಬೋಟಿನ ದೋಸ್ತರು ಇಬ್ಬರು. ಗಾಳಿಗೆ ಯಾರ ಮಾತೂ ಪೂರ್ತಿ ಕೇಳುತ್ತಿರಲಿಲ್ಲ.

"ಎತ್ತು ಹಲಗೆ!"

"ಮುಟ್ಟಿದ್ರೆ ಕೈ ಕಡೀತೆ!"

ಈಶ್ವರಣ್ಣ ಮುಟ್ಟಿದ. ಅವನು ಹಲಗೆಯ ಸರಪಳಿಗೆ ಹಾರೆ ಸಿಕ್ಕಿಸಿ ಮೀಟಿದ್ದೂ ಮಂಜು ಕತ್ತಿ ಬೀಸಿದ್ದೂ ಒಟ್ಟಿಗೇ ಆಯಿತು. ಮುಂಗೈಯಿಂದ ಮೊಣಕೈವರೆಗೆ ಚರ್ಮ ಬಿಚ್ಚಿಕೊಂಡು ಬಿಳಿ ಕಂಡಿತು, ಆಮೇಲೆ ರಕ್ತ. ಗುದ್ದಲಿಯ ಕಾವು ಮಂಜುವಿನ ಮೂಗಿಗೆ ಬಿತ್ತು. ಒಬ್ಬನನ್ನು ಇನ್ನೊಬ್ಬ ಕೆಸರಿಗೆ ಒತ್ತಿ ಹಿಡಿದು ಉಸಿರು ಕಟ್ಟಿಸುತ್ತಿದ್ದ. ಒಂದೇ ಬಾವಿಯ ನೀರು ಕುಡಿದವರು, ಒಬ್ಬರ ಹೆಣ ಇನ್ನೊಬ್ಬರು ಹೊತ್ತವರು. ನಾನು ಏನು ಮಾಡಿದೆ ಎಂದರೆ ತಮ್ಮನ ಕೂದಲು ಹಿಡಿದು ಹಿಂದಕ್ಕೆ ಎಳೆದೆ. ಅವನು ಮೊಣಕೈಯಿಂದ ನನ್ನ ಪಕ್ಕೆಗೆ ಹೊಡೆದ. ಅದು ಅಕ್ಕ ಎಂದು ಅವನಿಗೆ ಗೊತ್ತಿತ್ತೋ ಇಲ್ಲವೋ, ನಾನು ಇವತ್ತಿಗೂ ಕೇಳಿಲ್ಲ.

ಅಷ್ಟರಲ್ಲಿ ಅತ್ತೆ ಬಂದಳು. ತಲೆಯ ಮೇಲೆ ಬುಟ್ಟಿ, ಹಿಂದೆ ಉಳಿದ ಬುಟ್ಟಿಗಳನ್ನು ಹೊತ್ತ ಹೆಂಗಸರು. ಜನ ತಾವಾಗಿ ದಾರಿ ಬಿಟ್ಟರು. ಹೊಡೆದಾಟ ನಿಂತಿತು. ಈಶ್ವರಣ್ಣನ ಕೈಯ ರಕ್ತ ಒಡ್ಡಿನ ಮೇಲೆ ಹನಿಯುತ್ತಿತ್ತು.

"ಬಾಗ್ಲು ಎತ್ತು" ಎಂದಳು.

"ಎತ್ತೂದಿಲ್ಲ." ಮಂಜುವಿನ ಬಾಯಿಗೆ ಮೂಗಿನ ರಕ್ತ ಇಳಿಯುತ್ತಿತ್ತು.

"ಮೊಳಕೆ ಬಂದಾತು ಮಂಜು. ಇವತ್ತು ಬಿತ್ತದಿದ್ರೆ ಇಲ್ಲ."

"ಬೇಗ ನೆನೆಹಾಕು ಅಂತ ಯಾರು ಹೇಳಿದ್ರು ನಿಂಗೆ? ನನ್ನ ಮುರೀಲಿಕ್ಕೆ ಹಾಕಿದ್ದಲ್ದಾ?"

ನಿಜವಾದ ಮಾತು ಸಿಟ್ಟಿನವರ ಕಿವಿಗೆ ಬೀಳಬಾರದು. ಅತ್ತೆಯ ಮುಖ ಕಪ್ಪಿಟ್ಟಿತು. "ಹೌದಾ? ಹಂಗಾದ್ರೆ ನೋಡು" ಎಂದವಳೇ ತಲೆಯ ಬುಟ್ಟಿಯನ್ನು ಇಳಿಸಿ, ಒಡ್ಡಿನಂಚಿಗೆ ಹೋಗಿ, ಮಂಜುವಿನ ಉಪ್ಪುನೀರಿಗೆ ಕವುಚಿಬಿಟ್ಟಳು. "ತಿನ್ನಿಸು ನಿನ್ನ ಶೆಟ್ಲಿಗೆ!"

ಹೆಂಗಸರು ಹೋ ಎಂದು ಕೂಗಿಕೊಂಡರು. ಅವಳು ಎರಡನೆಯ ಬುಟ್ಟಿ ಕಸಿದುಕೊಂಡಳು. ನಾನು ಕೈ ಹಿಡಿದೆ, ನನ್ನನ್ನು ದೂಡಿದಳು. ಅರವತ್ತು ದಾಟಿದ ಆ ಮೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ಒಂದಾದ ಮೇಲೊಂದು ಬುಟ್ಟಿ. ಬಿಳಿ ಮೊಳಕೆಯ ಗಂಟುಗಳು ಒಂದು ಕ್ಷಣ ನೀರ ಮೇಲೆ ಹರಡಿ ಮುಳುಗಿದವು. ಈಶ್ವರಣ್ಣ ಸೀಳಿದ ಕೈಯಲ್ಲೇ ನೀರಿಗೆ ಹಾರಿ, ಕೆಸರಿಂದ ಬೀಜ ಬಾಚಿ ಎದೆಗೊತ್ತಿಕೊಳ್ಳತೊಡಗಿದ. ಉಪ್ಪು ತಾಗಿ ಗಾಯ ಉರಿದಿರಬೇಕು, ಚೀರುತ್ತಲೇ ಬಾಚುತ್ತಿದ್ದ. ಅವನ ಸುತ್ತ ನೀರು ಕೆಂಪಾಯಿತು. ಮೀನುಗಳು ಮೇಲೆದ್ದು ಮೊಳಕೆಗೆ ಬಾಯಿ ಹಾಕಿದವು. ಮಂಜು ಕತ್ತಿ ಕೆಳಗೆ ಬಿಟ್ಟು "ಅತ್ತೆ, ಬೇಡ, ಎತ್ತುತೆ, ಎತ್ತುತೆ" ಎಂದು ಹಲಗೆಯ ಸರಪಳಿಗೆ ಜೋತುಬಿದ್ದ. ಆಗ ಎತ್ತಿ ಏನು ಮಾಡುವುದು? ಕಡೆಯ ಬುಟ್ಟಿಯೂ ಖಾಲಿಯಾಗಿತ್ತು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ಗಾದೆ ಗೊತ್ತಿದ್ದವರೇ ಅಲ್ಲಿ ನಿಂತಿದ್ದವರೆಲ್ಲ. ನನಗೆ ಇವತ್ತಿಗೂ ಅವರಿಬ್ಬರ ಮೇಲೂ ಸಿಟ್ಟಿದೆ. ಮಂಜುವಿನ ಮೇಲೆ ಹೆಚ್ಚೋ ಅತ್ತೆಯ ಮೇಲೆ ಹೆಚ್ಚೋ ಎಂಬುದು ದಿನದಿಂದ ದಿನಕ್ಕೆ ಬದಲಾಗುತ್ತದೆ.

ಅಮಾವಾಸ್ಯೆಯ ಉಬ್ಬರ ಉಳಿದದ್ದನ್ನು ಮುಗಿಸಿತು. ಗಾಳಿ ಕಡಲಿನ ನೀರನ್ನು ಹೊಳೆಯೊಳಕ್ಕೆ ನೂಕುತ್ತಿತ್ತು, ಮೇಲಿಂದ ನೆರೆ ಇಳಿಯುತ್ತಿತ್ತು. ಎರಡೂ ನಮ್ಮ ಒಡ್ಡಿನ ಎದುರಿಗೇ ಬಂದು ಕೂಡಿದವು. ಮಟಮಟ ಮಧ್ಯಾಹ್ನ, ಎಲ್ಲರ ಕಣ್ಣೆದುರೇ, ಕಾಂಡ್ಲ ಕಡಿದಿದ್ದ ಜಾಗದಲ್ಲೇ ಒಡ್ಡು ಮೊದಲು ಬೆವರಿತು, ಆಮೇಲೆ ಬಿರಿಯಿತು, ಆಮೇಲೆ ಇರಲೇ ಇಲ್ಲ. ನೀರು ಜಂತ್ರಡಿಯ ತೊಲೆಗಳನ್ನು ಮುರಿದು ಮನೆಗಳ ಅಂಗಳದವರೆಗೆ ನುಗ್ಗಿ, ಕೊಟ್ಟಿಗೆಯಲ್ಲಿ ಕಟ್ಟಿದ್ದ ಎರಡು ಎಮ್ಮೆಗಳನ್ನು ಕೊಂದು ಹೋಯಿತು. ಸಿಗಡಿಯಲ್ಲಿ ಅರ್ಧ ಹೊಳೆ ಪಾಲು. ತಗ್ಗಿನಲ್ಲಿ ಸಿಕ್ಕಿಕೊಂಡ ಅರ್ಧ ಮಳೆ ಬಿಟ್ಟು ಬಿಸಿಲು ಬಿದ್ದಾಗ ಕೆಸರಲ್ಲೇ ಸತ್ತು ಊರಿಡೀ ನಾರಿತು. ಆ ನಾತದಲ್ಲೇ ಕೂತು ಉಂಡೆವು, ಆ ನಾತದಲ್ಲೇ ಪೊಲೀಸರು ಬಂದು ಹೋದರು, ಈಶ್ವರಣ್ಣನ ಕೈಗೆ ಹೊಲಿಗೆ ಬಿತ್ತು, ಕೇಸು ಆಗಿ ರಾಜಿಯೂ ಆಯಿತು. ಆ ಮಳೆಗಾಲ ಗಜನಿಯಲ್ಲಿ ಒಂದು ಹಸಿರು ಕಡ್ಡಿ ಏಳಲಿಲ್ಲ.

ಮರುವರ್ಷ ಬೇಸಿಗೆಗೆ ಊರವರು ಸೇರಿ ಒಡ್ಡು ಕಟ್ಟಿದರು. ಮಂಜು ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕಡೆಗೆ ಹೋಗುತ್ತಿದ್ದ. ಯಾರೂ ಅವನೊಂದಿಗೆ ಮಾತಾಡುತ್ತಿರಲಿಲ್ಲ, ಯಾರೂ ಬೇಡವೆಂದೂ ಹೇಳಲಿಲ್ಲ. ಈಶ್ವರಣ್ಣ ಮಡಚಲಾಗದ ಕೈಯಲ್ಲೇ ಬುಟ್ಟಿ ಎತ್ತಿ ಅವನ ತಲೆಗೆ ಇಡುತ್ತಿದ್ದ. ಒಡ್ಡು ಎದ್ದಿತು. ಉಪ್ಪು ಕುಡಿದ ಆ ನೆಲದಲ್ಲಿ ಕಗ್ಗ ಬಿಟ್ಟರೆ ಬೇರೆ ಭತ್ತ ಏಳುವುದಿಲ್ಲ, ಕಗ್ಗದ ಬೀಜ ಊರಲ್ಲಿ ಇಲ್ಲ.

ಯಾರ ಮನೆಯ ಬಾಗಿಲಿಗೂ ಬೇಡಲು ಹೋಗದ ಅತ್ತೆ, ನಾನು ಊರಿಗೆ ಬಂದಿದ್ದ ಒಂದು ದಿನ ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು, "ಹೊಳೆ ಆಚೆ ಕೇಳ್ಕಂಡು ಬರ್ವ, ನೀನೂ ಬಾ" ಎಂದಳು. ದಡಕ್ಕೆ ಹೋದರೆ ಮಂಜು ದೋಣಿ ಇಟ್ಟುಕೊಂಡು ಕಾಯುತ್ತಿದ್ದ. ಯಾರು ಹೇಳಿದರೋ ಗೊತ್ತಿಲ್ಲ. ಅತ್ತೆ ಅವನನ್ನು ನೋಡದೆ ಹತ್ತಿ ಕೂತಳು.

ಆಚೆ ದಡದ ಊರುಗಳಲ್ಲಿ ನಮ್ಮನ್ನು ಚೆನ್ನಾಗಿಯೇ ಕರೆದು ಕೂರಿಸಿದರು. ಬೆಲ್ಲ, ನೀರು, ಚಾ ಕೊಟ್ಟರು. ಬೀಜದ ಮಾತಿಗೆ ಎಲ್ಲ ಮನೆಯಲ್ಲೂ ಒಂದೇ ಉತ್ತರ. ಕಡೆಯ ಮನೆಯ ಯಜಮಾನಿ ಬಿಡಿಸಿ ಹೇಳಿದಳು. "ನಾವು ಬೀಜ ಇಡೂದು ಬಿಟ್ಟು ಎಷ್ಟು ಕಾಲ ಆತೋ ದೇವಕ್ಕ. ಬೇಕಾದ್ರೆ ದೇವಕ್ಕನ ಮನೇಲಿ ಅದೆ ಅಂತ ಧೈರ್ಯ ನಮ್ಗೆ. ಈ ವರ್ಷ ನಾವೇ ನಿಮ್ಮಲ್ಲಿಗೆ ಬರೂರಿದ್ವಿ."

ಅತ್ತೆ ಚೀಲವನ್ನು ಇನ್ನೂ ಸಣ್ಣದಾಗಿ ಮಡಚಿದಳು. ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು "ಹೋದ ವರ್ಷ ಎಲ್ಲಾ ಹಾಳಾತು" ಎಂದಷ್ಟೇ ಹೇಳಿದೆ.

ವಾಪಸು ಬರುವಾಗ ಹೊಳೆಯ ನಡುವೆ ಮಂಜು ಬಾಯಿ ಬಿಟ್ಟ. ಇಂಜಿನ್ನಿನ ಸದ್ದಿನ ಮೇಲೆ ಕೂಗಿಯೇ ಹೇಳಬೇಕಿತ್ತು. "ತಪ್ಪಾತು ಅತ್ತೆ. ನಾನು ಅವತ್ತು ಬಾಗ್ಲು ಎತ್ತಿದ್ರೆ..."

"ನೀನು ಬಾಗ್ಲು ಮುಚ್ಚಿದೆ, ಅಷ್ಟೇಯ" ಎಂದಳು ಅತ್ತೆ. ಒಂದು ವರ್ಷದ ಮೇಲೆ ಅವನೊಂದಿಗೆ ಆಡಿದ ಮೊದಲ ಮಾತು. "ಒಂದು ಮುಡೆ ಅಟ್ಟದಲ್ಲಿ ಬಿಟ್ಟಿದ್ರೆ ಇವತ್ತು ನಿನ್ನ ಕೆನ್ನೆಗೆ ಎರಡು ಬಾರಿಸಿ, ತಕೋ, ಬಿತ್ತು ಅಂತ ಬೀಜ ಕೊಡ್ತಿದ್ದೆ. ನಿನ್ನ ಮೇಲಿನ ಸಿಟ್ಟಿಗೆ ಊರ ಅನ್ನ ಸುರಿದವ್ಳು ನಾನು. ಈಗ ನಿಂಗೆ ಹೊಡೀಲಿಕ್ಕೂ ಕೈ ಏಳೂದಿಲ್ಲ."

ಮಂಜು ಇಂಜಿನ್ ಬಂದು ಮಾಡಿದ. ದೋಣಿ ಇಳಿತದ ಜೊತೆ ಕಡಲಿನ ಕಡೆ ತೇಲತೊಡಗಿತು. ಅವನು ಮೊಣಕಾಲೂರಿ ಅತ್ತೆಯ ಎದುರಿಗೆ ಬಂದು ಕೆನ್ನೆ ಒಡ್ಡಿ ಕೂತ.

ಅವಳು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.